ಕಾಫಿ ಕ್ಯಾನ್ ಹಿಡಿದ ಅನ್ಯಗ್ರಹದವನು: ಜಪಾನಿನಲ್ಲಿ ಟಾಮಿ ಲೀ ಜೋನ್ಸ್

ಹಾಲಿವುಡ್‌ನ ದೊಡ್ಡ ನಟರು ಜಪಾನಿಗೆ ಹೋಗಿ ವಿಸ್ಕಿ, ನೂಡಲ್ಸ್, ಹ್ಯಾಮ್, ವಿಗ್ ಹೀಗೆ ಸಿಕ್ಕಿದ್ದಕ್ಕೆಲ್ಲ ಜಾಹೀರಾತು ಮಾಡುತ್ತಿದ್ದರು. ಕೈತುಂಬ ದುಡ್ಡು ತಗೊಂಡು ಅಮೆರಿಕಕ್ಕೆ ವಾಪಸ್ ಬಂದ ಮೇಲೆ ಆ ವಿಷಯದ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. 1970ರ ಸುಮಾರಿಗೆ ಶುರುವಾಗಿ 30 ವರ್ಷಕ್ಕೂ ಜಾಸ್ತಿ ಇದು ಹೀಗೇ ನಡೆಯಿತು. ಜಪಾನಿನವರಿಗೆ ಹಾಲಿವುಡ್ ಮುಖ ಸಿಗುತ್ತಿತ್ತು, ನಟನಿಗೆ ದುಡ್ಡು ಸಿಗುತ್ತಿತ್ತು, ಅವನ ಊರಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲರಿಗೂ ಲಾಭ, ಅಲ್ವಾ?

2006ರಲ್ಲಿ ಸನ್‌ಟೋರಿ ಅನ್ನೋ ಜಪಾನಿನ ಪಾನೀಯ ಕಂಪನಿ ತನ್ನ 'ಬಾಸ್' ಅನ್ನೋ ಕ್ಯಾನ್ ಕಾಫಿಗೆ ಹಾಲಿವುಡ್ ನಟ ಟಾಮಿ ಲೀ ಜೋನ್ಸ್ ಅವರನ್ನು ಕರೆಸಿತು. ಇದೂ ಅದೇ ಸಾಲಿಗೆ ಸೇರಬೇಕಾಗಿದ್ದ ಇನ್ನೊಂದು ಜಾಹೀರಾತು. ಆದರೆ ಸೇರಲಿಲ್ಲ. ಆ ಸರಣಿ 15 ವರ್ಷ ದಾಟಿದ ಮೇಲೂ ಓಡಿತು. ಅವರ ಒಂದು ಸಿನಿಮಾವನ್ನೂ ನೋಡದ ಜಪಾನಿನ ಮಕ್ಕಳಿಗೂ ಆ ಮುಖ ಗೊತ್ತು. ಇದು ಯಾಕೆ ಹೀಗಾಯಿತು ಅನ್ನೋದೇ ಈ ಪ್ರಕರಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಉಳಿದ ಕಂಪನಿಗಳು ಸ್ಟಾರ್‌ನ ದೊಡ್ಡಸ್ತಿಕೆಗೆ ದುಡ್ಡು ಕೊಟ್ಟವು. ಸನ್‌ಟೋರಿ ಅವರನ್ನು ಸಣ್ಣ ಕೆಲಸಕ್ಕೆ ಹಚ್ಚಿತು. ಗೆದ್ದಿದ್ದೇ ಅಲ್ಲಿ.

ಮೊದಲು ಹಳೇ ಪದ್ಧತಿ ಹೇಗಿತ್ತು

1970ರಲ್ಲಿ ಚಾರ್ಲ್ಸ್ ಬ್ರಾನ್ಸನ್ 'ಮ್ಯಾಂಡಮ್' ಅನ್ನೋ ಗಂಡಸರ ಕಾಸ್ಮೆಟಿಕ್ಸ್‌ಗೆ ಜಾಹೀರಾತು ಮಾಡಿದರು. ಅದು ಎಷ್ಟು ಹಿಟ್ ಆಯಿತು ಅಂದರೆ, ಟಾಂಚೊ ಅಂತಿದ್ದ ಆ ಕಂಪನಿ ಮರುವರ್ಷವೇ ತನ್ನ ಹೆಸರನ್ನೇ ಮ್ಯಾಂಡಮ್ ಅಂತ ಬದಲಾಯಿಸಿಕೊಂಡಿತು. 1971ರಲ್ಲಿ ಆಡ್ರಿ ಹೆಪ್‌ಬರ್ನ್ ವಿಗ್ ಮಾರಿದರು. ಅಲೈನ್ ಡೆಲಾನ್ ಸೂಟ್ ಮಾರಿದರು. ಆರ್ಸನ್ ವೆಲ್ಸ್ ನಿಕ್ಕಾ ವಿಸ್ಕಿ ಹಿಡಿದು ನಿಂತರು. ಪಾಲ್ ನ್ಯೂಮನ್ ಬಂದಿದ್ದಕ್ಕೆ ನಿಸ್ಸಾನ್ ಸ್ಕೈಲೈನ್‌ನ ಆ ಮಾಡೆಲ್‌ಗೆ ಜನ ಇವತ್ತಿಗೂ 'ನ್ಯೂಮನ್ ಸ್ಕೈಲೈನ್' ಅಂತಲೇ ಕರೆಯುತ್ತಾರೆ. ಸ್ಟಲೋನ್ ಹ್ಯಾಮ್‌ಗೆ, ಹ್ಯಾರಿಸನ್ ಫೋರ್ಡ್ ಕಿರಿನ್ ಬಿಯರ್‌ಗೆ, ಮಡೋನಾ ಶೋಚು ಅನ್ನೋ ಜಪಾನಿ ಮದ್ಯಕ್ಕೆ. ನಿಕೊಲಸ್ ಕೇಜ್ ಪಚಿಂಕೊ ಅನ್ನೋ ಜೂಜಾಟದ ಮಶೀನ್‌ಗೆ, ಅದನ್ನು ಈಗಲೂ ಹುಡುಕಿ ನೋಡಿ, ನಕ್ಕು ಸಾಕಾಗುತ್ತದೆ.

ಇಷ್ಟು ಜನ ಯಾಕೆ ಹೋದರು? ದುಡ್ಡು ಅಂತ ಒಂದೇ ಮಾತಲ್ಲಿ ಮುಗಿಸಬಹುದು, ಆದರೆ ಆ ದುಡ್ಡಿನ ಹಿಂದೆ ಒಂದು ಲೆಕ್ಕ ಇದೆ. 1985ರಲ್ಲಿ ಡಾಲರ್ ಬೆಲೆ ಇಳಿಸೋಕೆ ಅಮೆರಿಕ, ಜಪಾನ್ ಮುಂತಾದ ದೇಶಗಳ ನಡುವೆ ಪ್ಲಾಜಾ ಒಪ್ಪಂದ ಆಯಿತು. ಅಲ್ಲಿಯವರೆಗೆ ಒಂದು ಡಾಲರ್‌ಗೆ ಸುಮಾರು 240 ಯೆನ್ ಇತ್ತು. ಎರಡೂವರೆ ವರ್ಷದೊಳಗೆ ಅದು ಸುಮಾರು 120ಕ್ಕೆ ಇಳಿಯಿತು. ಅಂದರೆ ನಟ ಕೇಳುವ ಡಾಲರ್ ಸಂಭಾವನೆ ಜಪಾನಿನ ಕಂಪನಿಗೆ ಅರ್ಧ ಬೆಲೆಗೆ ಸಿಕ್ಕ ಹಾಗೆ. ಮೇಲಿಂದ ಅಲ್ಲಿ ಟಿವಿ ಜಾಹೀರಾತು ಅಂದರೆ ಬಹುಪಾಲು 15 ಸೆಕೆಂಡ್. ಅಷ್ಟರಲ್ಲಿ ಸರಕಿನ ಗುಣ ವಿವರಿಸೋಕೆ ಆಗೋದಿಲ್ಲ. ಗೊತ್ತಿರುವ ಮುಖ ತೋರಿಸಿ, ಹೆಸರು ಕೂಗಿ, ಹೋಗಬೇಕು. ಆದ್ದರಿಂದಲೇ ಅಲ್ಲಿನ ಜಾಹೀರಾತಿನಲ್ಲಿ ಸೆಲೆಬ್ರಿಟಿ ಮುಖಗಳು ಅಷ್ಟು ಜಾಸ್ತಿ.

ಇನ್ನು ಗುಟ್ಟಿನ ವಿಷಯ. ಆಗ ಅಮೆರಿಕದಲ್ಲಿ ಸಿನಿಮಾ ಸ್ಟಾರ್ ಟಿವಿಯಲ್ಲಿ ಬಂದು ಸಾಮಾನು ಮಾರಿದರೆ, ಪಾಪ, ಸಿನಿಮಾ ಸಿಗುತ್ತಿಲ್ಲ ಅಂತ ಕಾಣುತ್ತದೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಅದಕ್ಕೇ ಜಾಹೀರಾತು ಜಪಾನಿನ ಆಚೆ ಬರಬಾರದು ಅನ್ನೋ ಷರತ್ತು ಒಪ್ಪಂದದಲ್ಲೇ ಸೇರಿರುತ್ತಿತ್ತು. ಜಾಹೀರಾತು ಅಂದರೆ ಮರ್ಯಾದೆ ಕಡಿಮೆ ಅನ್ನೋ ಭಾವನೆ ನಮ್ಮಲ್ಲೂ ಇತ್ತು. ಡಾ. ರಾಜ್‌ಕುಮಾರ್ ಕಂಪನಿಗಳ ಜಾಹೀರಾತಿನ ಕಡೆ ತಲೆ ಹಾಕಲಿಲ್ಲ, ನಂದಿನಿ ಹಾಲಿಗೆ ಮಾತ್ರ ಬಂದರು, ಅದೂ ದುಡ್ಡು ತಗೊಳ್ಳದೆ. ಹಾಲಿವುಡ್‌ನವರದು ಬೇರೆ ದಾರಿ. ದುಡ್ಡೂ ಬೇಕು, ಊರಲ್ಲಿ ಹೆಸರೂ ಕೆಡಬಾರದು.

ಹೀಗೆ ಮಾಡಿದ ಜಾಹೀರಾತು ಹೇಗಿರುತ್ತಿತ್ತು? ನಟ ಬರುತ್ತಾನೆ. ತನ್ನ ಸಿನಿಮಾದಲ್ಲಿ ಇರೋ ಹಾಗೇ ಇರುತ್ತಾನೆ. ಬಾಟಲಿ ಎತ್ತಿ ಹಿಡಿಯುತ್ತಾನೆ. ಶಾನ್ ಕಾನರಿ ಸನ್‌ಟೋರಿಯ 'ಕ್ರೆಸ್ಟ್' ವಿಸ್ಕಿ ಜೊತೆ ಕೂತಾಗ ಸ್ಕಾಟ್ಲೆಂಡಿನ ಗತ್ತೆಲ್ಲ ಆ ಗ್ಲಾಸಿನೊಳಗೆ ಇಳಿಯಬೇಕು ಅನ್ನೋದು ಲೆಕ್ಕ. ಇದಕ್ಕೆ ಹೊರತಾದವು ಕೆಲವು ಇದ್ದವು. ಅರ್ನಾಲ್ಡ್ ಶ್ವಾರ್ಜ್‌ನೆಗರ್ ನಿಸ್ಸಿನ್ ಕಪ್ ನೂಡಲ್ಸ್‌ಗೆ ದೊಡ್ಡ ದೊಡ್ಡ ಕೆಟಲ್ ಬೀಸಿ, ಟಾನಿಕ್ ಜಾಹೀರಾತಲ್ಲಿ ಹುಚ್ಚುಚ್ಚಾಗಿ ನಕ್ಕು, ಜಪಾನಿನವರ ಬಾಯಲ್ಲಿ 'ಶುವಾ-ಚಾನ್' ಆಗಿಬಿಟ್ಟರು. 1982ರಲ್ಲಿ ಸೆಇಬು ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರ್ ಅಮೆರಿಕದ ನಟ-ನಿರ್ದೇಶಕ ವುಡಿ ಆಲನ್ ಅವರಿಗೆ ಜಪಾನಿ ಉಡುಗೆ ತೊಡಿಸಿ, ಕುಂಚದಲ್ಲಿ ಬರೆದ ಘೋಷವಾಕ್ಯದ ಜೊತೆ ಕೂರಿಸಿತು. ಆದರೆ ಇವೆಲ್ಲ ಒಂದು ಸೀಸನ್, ಎರಡು ಸೀಸನ್. ಆಮೇಲೆ ಬೇರೆ ಮುಖ.

ಸನ್‌ಟೋರಿ ಅನ್ನೋ ಕಂಪನಿ

ಈ ಕಂಪನಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಶಿಂಜಿರೊ ತೊರಿಇ 1899ರಲ್ಲಿ ಒಸಾಕಾದಲ್ಲಿ ಶುರು ಮಾಡಿದ ವೈನ್ ಅಂಗಡಿ ಇದರ ಮೂಲ. ಸರಕಿನಷ್ಟೇ ಜಾಹೀರಾತಿಗೂ ತಲೆ ಕೆಡಿಸಿಕೊಳ್ಳೋ ಮನೆ ಇದು. 1922ರಲ್ಲೇ ಬರಿ ಭುಜದ ಹೆಂಗಸು ವೈನ್ ಗ್ಲಾಸ್ ಹಿಡಿದ ಪೋಸ್ಟರ್ ಮಾಡಿ ಊರೆಲ್ಲ ಗುಲ್ಲೆಬ್ಬಿಸಿದ್ದರು. 1950ರ ದಶಕದಲ್ಲಿ ಇವರ ಜಾಹೀರಾತು ವಿಭಾಗದಲ್ಲಿ ಕೂತು ಬರೆಯುತ್ತಿದ್ದ ತಾಕೆಶಿ ಕಾಯ್ಕೊ ಜಪಾನಿನ ಅಕುತಾಗಾವಾ ಸಾಹಿತ್ಯ ಪ್ರಶಸ್ತಿ ಪಡೆದರು. ಅದೇ ವಿಭಾಗದ ಹಿತೊಮಿ ಯಾಮಾಗುಚಿಗೆ ಮುಂದೆ ನಾಓಕಿ ಅನ್ನೋ ಇನ್ನೊಂದು ಸಾಹಿತ್ಯ ಪ್ರಶಸ್ತಿ ಬಂತು. ವಿಸ್ಕಿ ಮಾರೋ ಕಂಪನಿಯ ಆಫೀಸಿನಲ್ಲಿ ಅಷ್ಟು ಒಳ್ಳೇ ಬರಹಗಾರರಿದ್ದರು.

ವಿದೇಶಿ ಮುಖಗಳ ವಿಷಯದಲ್ಲೂ ಇವರೇ ಮುಂದೆ. 1970ರ ದಶಕದಲ್ಲಿ ಅಮೆರಿಕದ ಗಾಯಕ ಸ್ಯಾಮಿ ಡೇವಿಸ್ ಜೂನಿಯರ್ ಸನ್‌ಟೋರಿ ವೈಟ್ ವಿಸ್ಕಿ ಸುರಿದುಕೊಳ್ಳುತ್ತ ಬಾಯಲ್ಲೇ ತಾಳ ಹಾಕಿದರು. 1980ರಲ್ಲಿ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಮತ್ತು ಹಾಲಿವುಡ್ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಒಟ್ಟಿಗೆ ಸನ್‌ಟೋರಿ ವಿಸ್ಕಿ ಜಾಹೀರಾತಲ್ಲಿ ಕಾಣಿಸಿಕೊಂಡರು. ಕುರೊಸಾವಾ ಅವರ 'ಕಾಗೆಮುಶಾ' ಸಿನಿಮಾದ ಹೊರದೇಶದ ಬಿಡುಗಡೆಗೆ ಕೊಪೊಲಾ ಬೆನ್ನಿಗೆ ನಿಂತಿದ್ದ ಕಾಲ ಅದು.

ಮುಂದೆ 2003ರಲ್ಲಿ ಅದೇ ಕೊಪೊಲಾ ಅವರ ಮಗಳು ಸೋಫಿಯಾ ಒಂದು ಸಿನಿಮಾ ಮಾಡಿದರು, 'ಲಾಸ್ಟ್ ಇನ್ ಟ್ರಾನ್ಸ್‌ಲೇಶನ್'. ಬಿಲ್ ಮರ್ರಿ ಅದರಲ್ಲಿ ವಯಸ್ಸಾದ ಸ್ಟಾರ್. 20 ಲಕ್ಷ ಡಾಲರ್‌ಗೆ ಟೋಕಿಯೋಗೆ ಬಂದು ಸನ್‌ಟೋರಿಯದ್ದೇ 'ಹಿಬಿಕಿ' ವಿಸ್ಕಿ ಹಿಡಿದು ಕೂರುತ್ತಾನೆ. ನಿರ್ದೇಶಕ ಉದ್ದಕ್ಕೆ ಏನೋ ಹೇಳುತ್ತಾನೆ, ಇವನಿಗೆ ಅರ್ಥ ಆಗೋದಿಲ್ಲ, ನಾಚಿಕೆ, ಬೇಸರ, ರಾತ್ರಿ ನಿದ್ದೆ ಇಲ್ಲ. 30 ವರ್ಷದ ಗುಟ್ಟು ಜಗತ್ತಿನ ಮುಂದೆ ಪೂರ್ತಿ ಬಯಲಾಯಿತು. 2005ರಲ್ಲಿ ಯೂಟ್ಯೂಬ್ ಬಂತು. ಜಪಾನಿನಲ್ಲಿ ಮಾಡಿದ್ದು ಜಪಾನಿನಲ್ಲೇ ಇರುತ್ತದೆ ಅನ್ನೋ ಭರವಸೆಯೂ ಹೋಯಿತು.

ಬಾಸ್ ಸರಣಿ ಹುಟ್ಟಿದ್ದು ಅದರ ಮುಂದಿನ ವರ್ಷ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಮತ್ತದೇ ಆಟ ಆಡೋಕೆ ಧೈರ್ಯ ಬೇಕು. ಅಥವಾ ಆಟದ ನಿಯಮ ಬದಲಾಯಿಸಬೇಕು.

ಕಾಫಿ, ಕ್ಯಾನ್, ಮಶೀನ್

ಕ್ಯಾನ್ ಕಾಫಿ ಅಂದರೆ ಏನು ಅಂತ ಫಿಲ್ಟರ್ ಕಾಫಿ ಕುಡಿದು ಬೆಳೆದ ನಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೈಯೊಳಗೆ ಮುಚ್ಚಿಹೋಗೋ ಸಣ್ಣ ಸ್ಟೀಲ್ ಕ್ಯಾನ್, ಒಳಗೆ ಸುಮಾರು 185 ಗ್ರಾಂ ಕಾಫಿ, ಬಹಳಷ್ಟಕ್ಕೆ ಹಾಲು ಸಕ್ಕರೆ ಮೊದಲೇ ಬೆರೆಸಿರುತ್ತಾರೆ. ರಸ್ತೆ ಬದಿಯ ವೆಂಡಿಂಗ್ ಮಶೀನ್‌ನಲ್ಲಿ ಬೆಲೆಯ ಕೆಳಗೆ ನೀಲಿ ಪಟ್ಟಿ ಇದ್ದರೆ ತಣ್ಣಗಿನದು, ಕೆಂಪು ಪಟ್ಟಿ ಇದ್ದರೆ ಬಿಸಿ. ಚಳಿಗಾಲದಲ್ಲಿ ಕೆಂಪು ಸಾಲು ಜಾಸ್ತಿಯಾಗುತ್ತದೆ. ಕಾಸು ಹಾಕಿ ಗುಂಡಿ ಒತ್ತಿದರೆ ಕೆಳಗೆ ದಡ್ ಅಂತ ಬೀಳುತ್ತದೆ. ಮೊದಲು ಎರಡೂ ಅಂಗೈ ನಡುವೆ ಇಟ್ಟುಕೊಂಡು ಕೈ ಬಿಸಿ ಮಾಡಿಕೊಳ್ಳೋದು, ಆಮೇಲೆ ಕುಡಿಯೋದು. ನಮ್ಮ ನಾಲಿಗೆಗೆ ಅದು ಕಾಫಿ ಅನಿಸೋದೂ ಕಷ್ಟವೇ, ಸಕ್ಕರೆ ಪಾಕದ ಹಾಗಿರುತ್ತದೆ. ಆದರೆ ಅದರ ಕೆಲಸ ರುಚಿ ಒಂದೇ ಅಲ್ಲ. ಐದು ನಿಮಿಷದ ಬಿಡುವಿಗೆ ಅದು ಟಿಕೆಟ್.

ಹಾಲು ಹಾಕಿದ ಕ್ಯಾನ್ ಕಾಫಿಯನ್ನು 1969ರಲ್ಲಿ ಯುಸಿಸಿ ಅನ್ನೋ ಜಪಾನಿನ ಕಾಫಿ ಕಂಪನಿ ತಂದಿತು. ಬಿಸಿ, ತಣ್ಣಗಿನದು ಎರಡೂ ಕೊಡೋ ಮಶೀನ್ 1973ರಲ್ಲಿ ಪೊಕ್ಕಾ ಕಂಪನಿಯಿಂದ ಬಂತು. 1975ರಲ್ಲಿ ಕೋಕಾ-ಕೋಲಾದ 'ಜಾರ್ಜಿಯಾ' ಬಂದು ಮಾರುಕಟ್ಟೆಯ ದೊಡ್ಡಣ್ಣ ಆಗಿ ಕೂತಿತು. ಯಾಕೆಂದರೆ ಬೀದಿ ಬೀದಿಯಲ್ಲಿ ಕೋಕಾ-ಕೋಲಾದ ಮಶೀನ್‌ಗಳೇ ಜಾಸ್ತಿ. ಮಶೀನ್ ಯಾರದೋ ಬಹುತೇಕ ಅವರದೇ ಕಾಫಿ ಅದರೊಳಗೆ. ಈ ಆಟದಲ್ಲಿ ತಡವಾಗಿ ಬಂದವನಿಗೆ ಕಷ್ಟ.

ಸನ್‌ಟೋರಿ 1992ರಲ್ಲಿ ಬಾಸ್ ತಂದಾಗ ಯಾರಿಗೆ ಮಾರಬೇಕು ಅನ್ನೋದನ್ನು ಸ್ಪಷ್ಟ ಮಾಡಿಕೊಂಡಿತ್ತು. ದುಡಿಯುವವರಿಗೆ. ಟ್ಯಾಕ್ಸಿ, ಲಾರಿ ಓಡಿಸೋರು, ಕಟ್ಟಡ ಕೆಲಸದವರು, ಊರೂರು ತಿರುಗೋ ಸೇಲ್ಸ್‌ಮನ್‌ಗಳು. ದಿನಕ್ಕೆ ಎರಡು ಮೂರು ಕ್ಯಾನ್ ಖಾಲಿ ಮಾಡೋರು ಇವರೇ. ಪೈಪ್ ಸೇದುವ ಗಂಡಸಿನ ಚಿತ್ರ, ದುಡಿಯುವವನ ಜೊತೆಗಾರ ಅನ್ನೋ ಮಾತು, ಬೆನ್ನ ಮೇಲೆ ಬಾಸ್ ಚಿತ್ರ ಇರೋ ಹೊಳೆಯುವ ಜಾಕೆಟ್‌ನ ಬಹುಮಾನ. ಮೊದಲ ಜಾಹೀರಾತುಗಳಿಗೆ ರಾಕ್ ಗಾಯಕ ಎಇಕಿಚಿ ಯಾಜಾವಾ ಅವರನ್ನು ಕರೆದರು, ಆದರೆ ಸ್ಟೇಜ್ ಮೇಲೆ ನಿಲ್ಲಿಸಲಿಲ್ಲ, ಟೈ ಕಟ್ಟಿಸಿ ಬಸವಳಿದ ಆಫೀಸು ನೌಕರನನ್ನಾಗಿ ಮಾಡಿದರು. ಇದನ್ನು ನೆನಪಿಡಿ. ಜೋನ್ಸ್ ಅವರಿಗೆ ಮಾಡಿದ್ದೂ ಇದನ್ನೇ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ.

ಮೂವತ್ತು ಸೆಕೆಂಡಿನೊಳಗೆ ಏನಾಗುತ್ತದೆ

ಕಥೆಯ ಎಳೆ ಇಷ್ಟೇ. ದೂರದ ಗ್ರಹದಿಂದ ಒಬ್ಬ ಭೂಮಿಯನ್ನು ತನಿಖೆ ಮಾಡೋಕೆ ಬಂದಿದ್ದಾನೆ. ಮನುಷ್ಯನ ರೂಪ ತಾಳಿದ್ದಾನೆ. ಆ ರೂಪ ಟಾಮಿ ಲೀ ಜೋನ್ಸ್ ಅವರದು. ಹೆಸರು 'ಅನ್ಯಗ್ರಹದ ಜೋನ್ಸ್'. ಇಳಿದಿರೋದು ಜಪಾನಿನಲ್ಲಿ. ಇದನ್ನು ಬರೆದದ್ದು ಶಿನ್‌ಇಚಿ ಫುಕುಸಾತೊ ಅನ್ನೋ ಜಾಹೀರಾತು ಬರಹಗಾರ, ಡೆಂಟ್ಸು ಅನ್ನೋ ಜಪಾನಿನ ದೊಡ್ಡ ಜಾಹೀರಾತು ಕಂಪನಿಯಲ್ಲಿ ಪಳಗಿದವರು.

ಅನ್ಯಗ್ರಹದವನಾದರೂ ಹೊಟ್ಟೆಪಾಡಿಗೆ ಕೆಲಸ ಬೇಕಲ್ಲ. ಒಂದು ಜಾಹೀರಾತಿನಲ್ಲಿ ಕರೋಕೆ ಅಂಗಡಿಯ ಹುಡುಗ. ಇನ್ನೊಂದರಲ್ಲಿ ಟ್ಯಾಕ್ಸಿ ಡ್ರೈವರ್. ರಸ್ತೆ ಕೆಲಸದವ, ಕೊರಿಯರ್‌ನವ, ಕನ್ವೀನಿಯನ್ಸ್ ಸ್ಟೋರ್ ಗುಮಾಸ್ತ, ರೈತ, ರಾತ್ರಿ ಕ್ಲಬ್ಬಿನಲ್ಲಿ ಹೆಂಗಸರಿಗೆ ಡ್ರಿಂಕ್ಸ್ ಕೊಟ್ಟು ಮಾತಾಡಿಸೋ 'ಹೋಸ್ಟ್'. ಯಾವ ಜಾಹೀರಾತಿನಲ್ಲೂ ಅವನು ಬಾಸ್ ಅಲ್ಲ, ಕೈಕೆಳಗಿನವನು. ವಯಸ್ಸಿನಲ್ಲಿ ಅರ್ಧ ಇರೋ ಮೇಲಿನವರಿಂದ ಬೈಸಿಕೊಳ್ಳುತ್ತಾನೆ. ಬಗ್ಗಿ ನಮಸ್ಕರಿಸುತ್ತಾನೆ. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲ್ಲಾಡೋದಿಲ್ಲ.

ಹಿನ್ನೆಲೆಯಲ್ಲಿ ಅವನ ವರದಿ, ಜಪಾನಿ ಭಾಷೆಯಲ್ಲಿ. ವರದಿಗೊಂದು ಅಚ್ಚು ಇದೆ. ಮೊದಲು, ಈ ಗ್ರಹದ ನಿವಾಸಿಗಳು ಹೀಗೆ ಅಂತ ಒಂದು ದೂರು. ಸುಮ್ನೆ ಗಲಾಟೆ ಮಾಡುತ್ತಾರೆ, ಕಾರಣ ಇಲ್ಲದೆ ಓಡಾಡುತ್ತಾರೆ, ದಿನಾ ಹೊತ್ತು ಮೀರಿ ದುಡಿಯುತ್ತಾರೆ, ಇಂಥದ್ದೇನೋ. ಮಧ್ಯೆ ಏನಾದರೂ ಎಡವಟ್ಟಾಗುತ್ತದೆ. ಕೆಲವೊಮ್ಮೆ ಅವನ ಅಮಾನುಷ ಶಕ್ತಿ ತಪ್ಪಿ ಹೊರಗೆ ಬರುತ್ತದೆ, ಯಾರೂ ಗಮನಿಸೋದಿಲ್ಲ. ಆಮೇಲೆ 'ಆದರೆ' ಅಂತ ಬರುತ್ತದೆ. ಆದರೆ ಈ ಗ್ರಹದಲ್ಲಿ ಇಂಥದ್ದೊಂದು ಒಳ್ಳೆಯದಿದೆ. ಅಷ್ಟೊತ್ತಿಗೆ ಅವನು ಮಶೀನ್ ಪಕ್ಕ ನಿಂತಿರುತ್ತಾನೆ, ಕೈಯಲ್ಲಿ ಕ್ಯಾನ್, ಒಂದು ಗುಟುಕು. ಕೊನೆಗೆ ಘೋಷವಾಕ್ಯ: ಈ ಕೆಲಸಕ್ಕೆ ಬಾರದ, ಅದ್ಭುತ ಜಗತ್ತು.

ಒಂದು ಸಣ್ಣ ಸಂಗತಿ ಇದೆ, ನನ್ನ ಪ್ರಕಾರ ಇಡೀ ಸರಣಿ ನಿಂತಿರೋದು ಅದರ ಮೇಲೆ. ಜೊತೆ ಕೆಲಸದವರಿಗೆ ಇವನ ಬಗ್ಗೆ ಆಶ್ಚರ್ಯವೇ ಇಲ್ಲ. ಟೆಕ್ಸಾಸ್‌ನ ಸುಕ್ಕು ಬಿದ್ದ ಬಿಳಿ ಮುದುಕ ಹೆಲ್ಮೆಟ್ ಹಾಕಿಕೊಂಡು ಟೋಕಿಯೋದ ರಸ್ತೆ ಅಗೆಯುತ್ತಿದ್ದಾನೆ, ಯಾಕಪ್ಪ ಅಂತ ಒಬ್ಬರೂ ಕೇಳೋದಿಲ್ಲ. ಇವನೂ ಒಬ್ಬ ಕೆಲಸಗಾರ, ಕೆಲಸ ಸರಿಯಾಗಿ ಮಾಡಿದರೆ ಸಾಕು ಅಷ್ಟೇ. ಹಳೇ ಜಾಹೀರಾತುಗಳಲ್ಲಿ ಸ್ಟಾರ್ ಕಂಡ ಕೂಡಲೇ ಸುತ್ತಲಿನವರು ಬಾಯಿ ಬಿಟ್ಟು ನೋಡುತ್ತಿದ್ದರು. ಇಲ್ಲಿ ಬಾಯಿ ಬಿಟ್ಟು ನೋಡೋನು ಸ್ಟಾರ್. ನೋಡಿಸಿಕೊಳ್ಳೋರು ದಿನಗೂಲಿಯವರು.

ಹಾಗಾಗಿ ಸಂಜೆ ಮನೆಗೆ ಬಂದು ಟಿವಿ ಹಾಕಿದ ಡ್ರೈವರ್‌ಗೆ ಕಾಣೋದು ಹಾಲಿವುಡ್ ಅಲ್ಲ. ತನ್ನದೇ ಸಮವಸ್ತ್ರ, ತನ್ನದೇ ಬೇಸರ. ಅದನ್ನು ಬೇರೆ ಗ್ರಹದಿಂದ ಬಂದವನೊಬ್ಬ ಗಂಭೀರವಾಗಿ ಗಮನಿಸಿ, ಇದು ವಿಚಿತ್ರ, ಆದರೂ ಪರವಾಗಿಲ್ಲ ಅಂತ ಬರೆದುಕೊಳ್ಳುತ್ತಿದ್ದಾನೆ. ಇದರಲ್ಲಿ ಹೊಗಳಿಕೆ ಇದೆ, ಆದರೆ ಹೊಗಳಿಕೆ ಅಂತ ಗೊತ್ತಾಗೋದಿಲ್ಲ. ನೀವು ದೇಶದ ಬೆನ್ನೆಲುಬು ಅಂತ ಡೈಲಾಗ್ ಹೊಡೆದಿದ್ದರೆ ಅವನು ಚಾನೆಲ್ ಬದಲಾಯಿಸುತ್ತಿದ್ದ.

ಜೋನ್ಸ್ ಅವರೇ ಯಾಕೆ

1946ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದವರು. ಹಾರ್ವರ್ಡ್‌ನಲ್ಲಿ ಓದಿದವರು, ಅಲ್ಲಿ ರೂಮ್‌ಮೇಟ್ ಮುಂದೆ ಅಮೆರಿಕದ ಉಪಾಧ್ಯಕ್ಷರಾದ ಅಲ್ ಗೋರ್. 'ದಿ ಫ್ಯುಜಿಟಿವ್' ಸಿನಿಮಾಕ್ಕೆ ಪೋಷಕ ನಟ ಆಸ್ಕರ್. ಪತ್ರಕರ್ತರ ಜೊತೆ ಸಿಡುಕು ಅಂತ ಹೆಸರು. ಇದರಲ್ಲಿ ಕಾಫಿ ಮಾರೋಕೆ ಬೇಕಾದ್ದು ಏನೂ ಕಾಣೋದಿಲ್ಲ, ಒಂದನ್ನು ಬಿಟ್ಟು. 1997ರ 'ಮೆನ್ ಇನ್ ಬ್ಲ್ಯಾಕ್'ನಲ್ಲಿ ಅವರು ಭೂಮಿಯಲ್ಲಿ ಅಡಗಿರೋ ಅನ್ಯಗ್ರಹ ಜೀವಿಗಳನ್ನು ಹಿಡಿಯೋ ಏಜೆಂಟ್. ಜಪಾನಿನ ನೋಡುಗರಿಗೆ ಇದು ಗೊತ್ತು. ಹಿಡಿಯೋನನ್ನೇ ಅಡಗಿರೋನನ್ನಾಗಿ ಮಾಡಿಬಿಟ್ಟರೆ ಅರ್ಧ ಜೋಕು ಮುಗಿದೇ ಹೋಯಿತು, 15 ಸೆಕೆಂಡಿನಲ್ಲಿ ಹೊಸದಾಗಿ ಏನೂ ವಿವರಿಸಬೇಕಿಲ್ಲ.

ಆದರೆ ಬರೀ ಜೋಕಾಗಿದ್ದರೆ ಒಂದು ವರ್ಷಕ್ಕೆ ಹಳಸುತ್ತಿತ್ತು. ಉಳಿಸಿದ್ದು ಆ ಮುಖ. ಕಣ್ಣ ಕೆಳಗಿನ ಚೀಲ, ಹಣೆಯ ಗೆರೆ, ನಗದ ಬಾಯಿ. ಓವರ್‌ಟೈಮ್ ಮುಗಿಸಿ ಕೊನೇ ರೈಲಿಗೆ ಕಾಯೋ ಮನುಷ್ಯನ ಮುಖ ಹಾಗೇ ಇರುತ್ತದೆ. ಬ್ರಾಡ್ ಪಿಟ್ ಆಗಿದ್ದರೆ ಎಷ್ಟೇ ಒಳ್ಳೆ ಕಥೆ ಬರೆದರೂ ಕೆಲಸಗಾರ ಅಂತ ನಂಬಿಸೋಕೆ ಆಗುತ್ತಿರಲಿಲ್ಲ. ಭಾಷೆ ಬಾರದಿರೋದೂ ಇಲ್ಲಿ ಅನುಕೂಲವೇ ಆಯಿತು. ಬಿಲ್ ಮರ್ರಿಯ ಪಾತ್ರ ಕೂತು ಒದ್ದಾಡಿದ ಜಾಗದಲ್ಲೇ ಈ ಪಾತ್ರ ಕೂತಿದೆ. ಇಬ್ಬರಿಗೂ ಸುತ್ತ ಏನಾಗುತ್ತಿದೆ ಅಂತ ಸರಿಯಾಗಿ ಅರ್ಥ ಆಗೋದಿಲ್ಲ. ಒಬ್ಬನಿಗೆ ಅದು ಹಿಂಸೆ, ಇನ್ನೊಬ್ಬನಿಗೆ ಅದೇ ನೌಕರಿ.

ಜೋನ್ಸ್ ಅವರ ಕಡೆಯಿಂದ ನೋಡಿದರೂ ಇದು ಬರೀ ವ್ಯಾಪಾರ ಅನಿಸೋದಿಲ್ಲ. ಜಪಾನ್ ಇಷ್ಟ, ಕಬುಕಿ ನಾಟಕ ಇಷ್ಟ ಅಂತ ಹೇಳಿಕೊಂಡವರು. 2012ರ 'ಎಂಪರರ್' ಸಿನಿಮಾದಲ್ಲಿ ಜನರಲ್ ಮ್ಯಾಕ್‌ಆರ್ಥರ್ ಪಾತ್ರ ಮಾಡಿದರು. ಸೋತ ಜಪಾನನ್ನು ಆಳೋಕೆ ಬಂದ ಸೇನಾಧಿಕಾರಿ ಪಾತ್ರಕ್ಕೆ, ಆ ಹೊತ್ತಿಗಾಗಲೇ ಆರು ವರ್ಷದಿಂದ ಜಪಾನಿನ ಟಿವಿಯಲ್ಲಿ ಬಗ್ಗಿ ನಮಸ್ಕಾರ ಹಾಕುತ್ತಿದ್ದ ನಟ. ಇಂಥ ಕಾಕತಾಳೀಯ ಯಾರು ಬರೆದರೂ ಜಾಸ್ತಿಯಾಯಿತು ಅನ್ನುತ್ತೇವೆ.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. ಜಪಾನಿನ ಟಿವಿಯಿಂದ ಕಂಪನಿಗಳ ಜಾಹೀರಾತು ಹೆಚ್ಚುಕಡಿಮೆ ಮಾಯವಾದವು. ಅಂಥ ಹೊತ್ತಲ್ಲಿ ಮಾರಾಟದ ಮಾತು ಆಡಬಾರದು ಅಂತ. ಖಾಲಿ ಬಿದ್ದ ಸಮಯದಲ್ಲಿ ಸಾರ್ವಜನಿಕ ಸಂದೇಶಗಳು ಮತ್ತೆ ಮತ್ತೆ ಓಡಿದವು. ಕೆಲವು ವಾರಗಳ ನಂತರ ಸನ್‌ಟೋರಿ ತನ್ನ ಜಾಹೀರಾತುಗಳ ಮುಖಗಳನ್ನೆಲ್ಲ ಸೇರಿಸಿ, ಜಪಾನಿನ ಗಾಯಕ ಕ್ಯು ಸಾಕಾಮೊಟೊ ಅವರ 1960ರ ದಶಕದ ಹಾಡುಗಳನ್ನು ಒಬ್ಬೊಬ್ಬರಿಂದ ಒಂದೊಂದು ಸಾಲು ಹಾಡಿಸಿತು. ಕ್ಯಾನ್ ಇಲ್ಲ, ಬಾಟಲಿ ಇಲ್ಲ. ಆ ಸಾಲಿನಲ್ಲಿ ಜೋನ್ಸ್ ಅವರೂ ನಿಂತು ಜಪಾನಿ ಭಾಷೆಯಲ್ಲಿ ಹಾಡಿದರು. ದುಡ್ಡಿಗೆ ಬಂದು ಹೋಗೋ ಅತಿಥಿ ಕಲಾವಿದನನ್ನು ಯಾರೂ ಅಲ್ಲಿ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೂ ನೋಡೋರಿಗೆ ಮುಜುಗರವಾಗುತ್ತಿತ್ತು. ಐದು ವರ್ಷ ಹೆಲ್ಮೆಟ್ ಹಾಕಿ ದುಡಿದ ಪಾತ್ರ ಅದಕ್ಕೆ ಹಕ್ಕು ಸಂಪಾದಿಸಿತ್ತು.

ಕಾಫಿ ಮಾರಿದ್ದು ಇದೇನಾ?

ಇಲ್ಲಿ ಸ್ವಲ್ಪ ತಣ್ಣೀರು ಹಾಕಬೇಕು. ಜಾಹೀರಾತು ಪ್ರೀತಿಸೋರು, ಮುಖ ಬಂತು ಮಾಲು ಹೋಯಿತು ಅಂತ ಬರೆದುಬಿಡುತ್ತಾರೆ. ಕ್ಯಾನ್ ಕಾಫಿ ಮಟ್ಟಿಗೆ ಅದು ಅಷ್ಟು ಸುಲಭ ಇಲ್ಲ. ಎಷ್ಟೇ ಒಳ್ಳೆಯ ಜಾಹೀರಾತು ನೋಡಿದ್ದರೂ ಚಳಿಯಲ್ಲಿ ನಿಂತವನು ಕೊಳ್ಳೋದು ಹತ್ತಿರದ ಮಶೀನ್‌ನಲ್ಲಿ ಇರೋದನ್ನೇ. ಸನ್‌ಟೋರಿಗೂ ಇದು ಗೊತ್ತು. ಅದಕ್ಕೇ 2015ರಲ್ಲಿ ಜಪಾನ್ ಟೊಬ್ಯಾಕೊ ತನ್ನ ಪಾನೀಯ ವ್ಯಾಪಾರದಿಂದ ಹಿಂದೆ ಸರಿದಾಗ, ಅದರ ವೆಂಡಿಂಗ್ ಮಶೀನ್ ವ್ಯವಹಾರವನ್ನು ಸುಮಾರು 15,000 ಕೋಟಿ ಯೆನ್ ಕೊಟ್ಟು ತಗೊಂಡಿತು. ಜೋನ್ಸ್ ಎಷ್ಟೇ ಚೆನ್ನಾಗಿದ್ದರೂ ಮಶೀನ್ ಬೇಕು.

ಇನ್ನೊಂದು ಪೆಟ್ಟು 2013ರಲ್ಲಿ ಬಿತ್ತು. ಸೆವೆನ್-ಇಲೆವೆನ್ ಅಂಗಡಿಗಳಲ್ಲಿ ಆಗಷ್ಟೇ ಬೀಜ ಪುಡಿ ಮಾಡಿ ಇಳಿಸಿದ ಬಿಸಿ ಕಾಫಿ 100 ಯೆನ್‌ಗೆ ಸಿಗೋಕೆ ಶುರುವಾಯಿತು. ಕ್ಯಾನ್‌ಗಿಂತ ಕಡಿಮೆ ಬೆಲೆ, ರುಚಿ ಎಷ್ಟೋ ಮೇಲು. ಸಿಗರೇಟು ಸೇದುವವರೂ ಕಡಿಮೆಯಾದರು. ಕ್ಯಾನ್ ಕಾಫಿ, ಸಿಗರೇಟು ಎರಡೂ ಒಂದೇ ಬಿಡುವಿನ ಜೋಡಿ, ಒಂದು ಹೋದರೆ ಇನ್ನೊಂದಕ್ಕೂ ಪೆಟ್ಟು. ದುಡಿಯೋರ ಸ್ವರೂಪವೇ ಬದಲಾಗಿತ್ತು. ಕಂಪ್ಯೂಟರ್ ಮುಂದೆ ಕೂರೋನು ಕ್ಯಾನ್ ಒಡೆದು ಎರಡು ನಿಮಿಷದಲ್ಲಿ ಕುಡಿದು ಮುಗಿಸೋದಿಲ್ಲ, ಗಂಟೆಗಟ್ಟಲೆ ಒಂದೊಂದು ಗುಟುಕು. ಅವನಿಗಾಗಿ 2017ರಲ್ಲಿ ಮುಚ್ಚಳ ಇರೋ ಪ್ಲಾಸ್ಟಿಕ್ ಬಾಟಲಿಯ 'ಕ್ರಾಫ್ಟ್ ಬಾಸ್' ಬಂತು. ಚೆನ್ನಾಗಿ ಓಡಿತು. ಹೀಗಾಗಿ ಮಾರಾಟದಲ್ಲಿ ಜೋನ್ಸ್ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕೆ ಬರೋದಿಲ್ಲ. ಕ್ಯಾನ್‌ನ ಕಾಲ ಇಳಿಯುತ್ತಿದ್ದರೂ ಬಾಸ್ ಹೆಸರು ಹಳೇದಾಗಲಿಲ್ಲ, ಅದರಲ್ಲಿ ಅವರ ಕೈ ಇದೆ ಅಂತ ಮಾತ್ರ ಹೇಳಬಹುದು.

ಬೇರೆ ಕಂಪನಿಗಳೂ ಇದನ್ನು ನೋಡಿ ಸುಮ್ನೆ ಕೂರಲಿಲ್ಲ. ವಿದೇಶಿ ಸ್ಟಾರ್ ತನ್ನನ್ನೇ ಗೇಲಿ ಮಾಡಿಕೊಂಡರೆ ಜನಕ್ಕೆ ಇಷ್ಟ ಆಗುತ್ತದೆ ಅಂತ ಗೊತ್ತಾಯಿತು. 2011ರಲ್ಲಿ ಟೊಯೋಟಾ ಫ್ರೆಂಚ್ ನಟ ಜೀನ್ ರೆನೊ ಅವರಿಗೆ ನೀಲಿ ಬಟ್ಟೆ ಹಾಕಿಸಿ ಡೋರೇಮಾನ್ ಮಾಡಿತು. ಮನೆಯಲ್ಲಿ ಮಕ್ಕಳಿದ್ದರೆ ಡೋರೇಮಾನ್ ಯಾರು ಅಂತ ಹೇಳಬೇಕಿಲ್ಲ. ಗನ್ ಹಿಡಿದು ಹೆಸರು ಮಾಡಿದ ಆ ಗಡ್ಡದ ಮುಖಕ್ಕೆ ಡೋರೇಮಾನ್! ತಮಾಷೆಯೇನೋ ಹೌದು. ಆದರೆ ಅದು ವೇಷದ ತಮಾಷೆ. ಜೋನ್ಸ್ ಹಾಕಿಕೊಂಡಿದ್ದೂ ವೇಷವೇ, ಆದರೆ ಆ ವೇಷದಲ್ಲಿ ಲಕ್ಷಾಂತರ ಜನ ದಿನಾ ಕೆಲಸಕ್ಕೆ ಹೋಗುತ್ತಾರೆ.

ನನಗೆ ಸ್ವಲ್ಪ ಇರಿಸುಮುರಿಸಾಗುವ ಜಾಗ

ವಿದೇಶಿಯನ್ನು ಅನ್ಯಗ್ರಹದವನು ಅಂತ ತೋರಿಸೋದರಲ್ಲಿ ಒಂದು ಚುಚ್ಚು ಇದೆ. 2006ರಲ್ಲಿ ಕನ್ವೀನಿಯನ್ಸ್ ಸ್ಟೋರ್ ಕೌಂಟರ್ ಹಿಂದೆ ವಿದೇಶಿ ಮುಖ ಅಂದರೆ ಅದೇ ಒಂದು ಜೋಕು. ಈಗ ಟೋಕಿಯೋದಲ್ಲಿ ಆ ಕೌಂಟರ್ ಹಿಂದೆ ನೇಪಾಳದ ಹುಡುಗ, ವಿಯೆಟ್ನಾಂ ಹುಡುಗಿ ಇರೋದು ದಿನನಿತ್ಯದ ಮಾತು. ಜಪಾನಿನಲ್ಲಿ ವಿದೇಶಿ ಕೆಲಸಗಾರರ ಸಂಖ್ಯೆ 2016ರಲ್ಲಿ 10 ಲಕ್ಷ ದಾಟಿತು, 2023ರಲ್ಲಿ 20 ಲಕ್ಷ. ಅಂದರೆ ಜಾಹೀರಾತಿನಲ್ಲಿ ಜೋನ್ಸ್ ತಮಾಷೆಗೆ ಮಾಡಿದ ಕೆಲಸಗಳನ್ನೇ ಇವರು ಬದುಕಿಗಾಗಿ ಮಾಡುತ್ತಿದ್ದಾರೆ. ಇವರಿಗೂ ಸುತ್ತ ನಡೆಯೋದು ಪೂರ್ತಿ ಅರ್ಥ ಆಗೋದಿಲ್ಲ, ಇವರೂ ಚಿಕ್ಕ ವಯಸ್ಸಿನ ಮ್ಯಾನೇಜರ್ ಹತ್ತಿರ ಬೈಸಿಕೊಳ್ಳುತ್ತಾರೆ. ಜಾಹೀರಾತಿನಲ್ಲಿ ಯಾರೂ 'ನೀನು ಇಲ್ಲಿ ಯಾಕೆ' ಅಂತ ಕೇಳೋದಿಲ್ಲ ಅಂದೆನಲ್ಲ, ನಿಜದಲ್ಲಿ ಕೇಳುತ್ತಾರೆ. ಆಸ್ಕರ್ ಗೆದ್ದ ಬಿಳಿ ನಟನಿಗೆ ಸಿಕ್ಕ ಆ ಸಲೀಸು ಸ್ವಾಗತ ಎಲ್ಲ ವಿದೇಶಿಯರಿಗೂ ಸಿಕ್ಕಿದ್ದಲ್ಲ.

ಇದು ಕಾಫಿ ಕಂಪನಿಯ ತಪ್ಪು ಅಂತ ಹೇಳೋಕೆ ಹೊರಟಿಲ್ಲ. ಆದರೆ ಇವತ್ತು ಆ ಹಳೇ ಜಾಹೀರಾತುಗಳನ್ನು ನೋಡಿದರೆ ಅವು 2006ರಲ್ಲಿ ಇದ್ದ ಹಾಗೆ ಕಾಣೋದಿಲ್ಲ. ಅನ್ಯಗ್ರಹದವನು ಗಮನಿಸಿದ ಆ ಗ್ರಹವೇ ಬದಲಾಗಿದೆ.

ಇನ್ನು ಗುಟ್ಟಿನ ಕಥೆ ಏನಾಯಿತು? ತಾನಾಗೇ ಮುಗಿಯಿತು. ಈ ಜಾಹೀರಾತುಗಳನ್ನು ಯಾರು ಎಲ್ಲಿ ಬೇಕಾದರೂ ನೋಡಬಹುದು, ಅಮೆರಿಕದವರೂ ನೋಡಿ ನಕ್ಕಿದ್ದಾರೆ, ಜೋನ್ಸ್ ಅವರ ಹೆಸರಿಗೆ ಏನೂ ಆಗಲಿಲ್ಲ. ಈಗ ಅಮೆರಿಕದಲ್ಲೇ ದೊಡ್ಡ ನಟರು ಸೂಪರ್ ಬೌಲ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯದ ನಡುವೆ ಬಂದು ಚಿಪ್ಸ್ ಮಾರುತ್ತಾರೆ, ನಾಚಿಕೆ ಪಡೋರು ಯಾರೂ ಇಲ್ಲ.

ಸನ್‌ಟೋರಿ ಮುಂದಿರೋ ಪ್ರಶ್ನೆ ವಯಸ್ಸಿನದು. ಸರಣಿ ಶುರುವಾದಾಗ 60ರ ಹತ್ತಿರ ಇದ್ದವರಿಗೆ ಈಗ 80ರ ಆಸುಪಾಸು. ಕಥೆಯ ಪ್ರಕಾರ ದಾರಿ ಸಲೀಸು, ಅನ್ಯಗ್ರಹದವನು ಎರವಲು ಪಡೆದಿರೋದು ಒಂದು ಮುಖ ಮಾತ್ರ, ನಾಳೆ ಇನ್ನೊಬ್ಬರ ಮುಖ ಹಾಕಿಕೊಳ್ಳಬಹುದು. ಆದರೆ ಅಷ್ಟು ದಣಿದ, ಅಷ್ಟು ದೊಡ್ಡ ಹೆಸರಿನ, ಬೈಸಿಕೊಳ್ಳೋಕೂ ತಯಾರಿರೋ ಇನ್ನೊಂದು ಮುಖ ಹಾಲಿವುಡ್‌ನಲ್ಲಿ ಯಾರದಿದೆ? ನನಗಂತೂ ಒಬ್ಬರೂ ಹೊಳೆಯುತ್ತಿಲ್ಲ.